ಕೊನೆಯ ಟ್ರಿಪ್ಪಿನ ನಂತರ

ರಾತ್ರಿ ಎಂಟೂ ನಲವತ್ತು. ಬದಿಯಡ್ಕ ಸ್ಟ್ಯಾಂಡು.
ಕೊನೆಯ ಟ್ರಿಪ್ಪು ಮುಗಿದ ಬಸ್ಸಿನಲ್ಲಿ ನಾವಿಬ್ಬರೇ.
ಕುಂಞಂಬು ಅಣ್ಣ ಡ್ರೈವರ್ ಸೀಟು ಬಿಟ್ಟು ಏಳುವುದಿಲ್ಲ,
ಕನ್ನಡಿಯಲ್ಲೇ ನನ್ನನ್ನು ನೋಡುತ್ತಾನೆ:
"ಆಫೀಸರ್ ಗಾಜಿನಾಚೆ ಇರುತ್ತಾನಂತೆ.
ಹಾಗಾಗಿ ಇದೇ ಸರಿ. ನೀನು ಅಲ್ಲೇ ನಿಲ್ಲು.
ಕಂಬಿ ಹಿಡಿಯಬೇಡ."

ಹನ್ನೊಂದು ವರ್ಷ ಕೇಳಿದವನು ನಾನು:
ಎಲ್ಲಿಗೆ? ಎಷ್ಟು ಜನ? ಮಗುವಿಗೆ ಐದಾಯಿತಾ?
ತಾಯಿಯ ಮಾತು ನಂಬದೆ
ಮಗುವಿನ ಕಾಲಿನುದ್ದ ನೋಡಿದವನು.
ಈಗ ನನ್ನ ಸರದಿ.

ಏಜೆಂಟ್ ಹೇಳಿದ್ದು ಇಷ್ಟು:
ಮೊಬೈಲು ಒಳಗೆ ಬಿಡುವುದಿಲ್ಲ, ಬ್ಯಾಗೂ ಇಲ್ಲ.
ಬಲಗೈ ಎತ್ತಿ ಸತ್ಯ ಹೇಳುತ್ತೇನೆ ಅನ್ನಬೇಕು.
ಕೇಳಿದ್ದಕ್ಕಷ್ಟೇ ಉತ್ತರ, ಕತೆ ಬೇಡ.
ಮದುವೆಯ ಆಲ್ಬಮ್ ದಪ್ಪಗಿದ್ದಷ್ಟೂ ಒಳ್ಳೆಯದು,
ಎರಡೂ ಕಡೆಯ ಹಿರಿಯರು ನಗುತ್ತಿರಬೇಕು.

ನಮ್ಮದು ನಾಲ್ಕೇ ಫೋಟೊ.
ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು,
ಎವ್ಲಿನಳ ಸೆರಗಿಗೆ ಒರೆಸಿದ ಹೆಬ್ಬೆರಳಿನ ಶಾಯಿ,
ಸಾಕ್ಷಿ ಕುಂಞಂಬು ಅಣ್ಣ, ಕಾಕಿ ಅಂಗಿಯಲ್ಲೇ,
ಹನ್ನೆರಡೂ ಹತ್ತರ ಟ್ರಿಪ್ಪಿಗೆ ತಡವಾಯಿತೆಂದು
ಮೂರರಲ್ಲೂ ವಾಚು ನೋಡುತ್ತಾ.
ನಾಲ್ಕನೆಯದು ಊಟದ ಹೋಟೆಲಿನದು.
ಅದರಲ್ಲಿ ಗಂಡ ಹೆಂಡತಿಯ ನಡುವೆ
ಸಾಂಬಾರಿನ ಬಕೆಟು.

"ಎಪ್ಪೋ ಕಲ್ಯಾಣಂ?"
ಅವನು ಕೇಳುವುದು ಮಲಯಾಳದಲ್ಲಿ, ನನ್ನ ಉತ್ತರ ಕನ್ನಡದಲ್ಲಿ,
ತಪ್ಪಿದರೆ ಬೈಗುಳ ತುಳುವಿನಲ್ಲಿ.
ಸರ್ಟಿಫಿಕೇಟು ಇರುವುದು ಇಂಗ್ಲಿಷಿನಲ್ಲಿ.
ಅವಳ ಪ್ರಾರ್ಥನೆ ಕೊಂಕಣಿಯಲ್ಲಿ.
"ಜಗಳ ಯಾವುದರಲ್ಲಿ?"
ಇನ್ನೂ ಶುರುವಾಗಿಲ್ಲ. ಒಟ್ಟಿಗಿದ್ದದ್ದು ಹತ್ತೊಂಬತ್ತು ದಿನ.
ಫೋನಿನಲ್ಲಿ ದನಿ ಏರಿದರೆ
ನೆಟ್ ಹೋಯಿತು ಅನ್ನುತ್ತಾಳೆ, ಇಬ್ಬರಿಗೂ ಗೊತ್ತು.

"ಯಾವ ಮಗ್ಗುಲಿಗೆ ಮಲಗುತ್ತಾಳೆ?"
ಅಲ್ಲಿ ಅವಳಿಗೆ ರಾತ್ರಿ ಪಾಳಿ.
ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಹಗಲು ಮಲಗುತ್ತಾಳೆ.
ಮಗ್ಗುಲು ನಾನು ನೋಡಿಲ್ಲ.
"ಹಾಗೆ ಹೇಳಬೇಡ."
ಸತ್ಯ ಅಲ್ಲವಾ?
"ಸತ್ಯವೇ. ಆದರೂ."

ಇವತ್ತು ಬೇಳದಲ್ಲಿ, ಇಗರ್ಜಿಯ ತಿರುವಿನಲ್ಲಿ
ಎವ್ಲಿನಳ ಅಮ್ಮ ಕೈ ಅಡ್ಡ ಹಿಡಿದರು.
ಎರಡು ವರ್ಷದಿಂದ ನಮ್ಮ ಬಸ್ಸು ಬಂದರೆ
ಮುಖ ತಿರುಗಿಸಿ ಹಿಂದಿನದಕ್ಕೆ ಕಾಯುವವರು.
ಒಂದು ಬೆಲ್ ಕೊಟ್ಟೆ. ನಿಂತಿತು. ಹತ್ತಲಿಲ್ಲ.
ಕಿಟಕಿಯಿಂದ ಬಿಸ್ಕತ್ತಿನ ಡಬ್ಬಿ ಕೊಟ್ಟು,
"ಅವಳದ್ದು. ಕೇಳಿದರೆ ತೋರಿಸು," ಅಂದರು.
ತೋರಿಸಿ, ಅಲ್ಲ. ತೋರಿಸು.
ಡಬ್ಬಲ್ ಬೆಲ್ ಕೊಡುವುದು ಮರೆತೇ ಹೋಯಿತು.

ಒಳಗೆ ಟಿಕೇಟುಗಳು.
ಅವಳು ಕಾಸರಗೋಡಿನ ಆಸ್ಪತ್ರೆಗೆ ಹೋಗುತ್ತಿದ್ದ ಮೂರು ವರ್ಷದ್ದು,
ತಿಂಗಳಿಗೊಂದು ರಬ್ಬರ್ ಬ್ಯಾಂಡು.
ಮೆಷಿನ್ನಿನ ಅಕ್ಷರ ಹಾರಿಹೋಗಿದೆ.
ತಾರೀಕಿಲ್ಲ, ದರವಿಲ್ಲ, ಊರಿಲ್ಲ,
ಬರೀ ಬಿಳಿ.
ಒಂದು ಕಟ್ಟು ಮುಂದೆ ಚಾಚಿದೆ.
ಕುಂಞಂಬು ಅಣ್ಣ ಲೈಟಿಗೆ ಹಿಡಿದ.
"ಇದನ್ನು ಕೊಟ್ಟರೆ ಮರ್ಲ ಅಂತಾರೆ ಮಾರಾಯ."
ಮತ್ತೆ ತಿರುಗಿಸಿದ.
ಬೆನ್ನಿನಲ್ಲಿ ನನ್ನ ಬಾಲ್ ಪೆನ್ನು ಹಾಗೆಯೇ ಉಳಿದಿತ್ತು:
ಬಾಕಿ ಮೂರು. ಬಾಕಿ ಎರಡು. ಬಾಕಿ ಮೂರು.
ಇಳಿಯುವಾಗ ಕೇಳಿ, ಅನ್ನುತ್ತಿದ್ದೆ.
ಕೇಳದೆ ಇಳಿಯುತ್ತಿದ್ದಳು.

"ಕಡೆಯ ಪ್ರಶ್ನೆ," ಅಂದ. "ಅಲ್ಲಿಗೆ ಯಾಕೆ ಹೋಗುತ್ತೀ?"
ಚಿಲ್ಲರೆ ಕೊಡಲಿಕ್ಕುಂಟು, ಅಂದೆ.
ಕನ್ನಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ಒಟ್ಟು ಎಷ್ಟು ಅಂತ ಕೂಡಿಸಿಟ್ಟುಕೋ.
ಕೇಳಿದರೂ ಕೇಳಬಹುದು."

ಅವನು ಬೀಡಿ ಸೇದಲು ಇಳಿದಿದ್ದಾನೆ.
ನಾನು ಕೂಡಿಸುತ್ತಿದ್ದೇನೆ.
ಇನ್ನೂರ ಹದಿನಾಲ್ಕರ ಹತ್ತಿರ
ಒಂದು ಬಾಕಿ ಸರಿಯಾಗಿ ಕಾಣುವುದಿಲ್ಲ,
ಒಂದೋ, ಏಳೋ.
ಅವಳನ್ನೇ ಕೇಳಬೇಕು.