ಹಕ್ಕಿ ಅಂಟಿಸುತ್ತಿದ್ದವಳು

ಮೇಪಲ್ ಮರದ ನೆರಳು ಬೇಡ, ಮುಂದಕ್ಕೆ ತಾ.
ಬಾನೆಟ್ಟಿನ ಮೇಲೆ ಬಿಸಿಲು ಬೀಳಬೇಕು.
ಕಣ್ಣು ಎಂಬತ್ತು ದಾಟಿದೆ,
ಬೆರಳಿನ್ನೂ ದಾಟಿಲ್ಲ.

ನಾನು ಓಮಾ ಕೂಂಬ್ಸ್. ಕೆಂಟಕಿಯ ಕಲ್ಲಿದ್ದಲ ಕಣಿವೆಯವಳು.
ಅಪ್ಪ ದಿನಾ ನೆಲದೊಳಗೆ ಇಳಿಯುತ್ತಿದ್ದ.
ನಾನು ಬಸ್ಸು ಹತ್ತಿ ಓಹಾಯೊ ನದಿ ದಾಟಿ
ಈ ನಾರ್‌ವುಡ್ಡಿಗೆ ಬಂದೆ, ಅರವತ್ತೊಂಬತ್ತರಲ್ಲಿ.
ಆಗ ಫೈರ್‌ಬರ್ಡಿಗೆ ಎರಡು ವರ್ಷ, ಹಾಲುಹಲ್ಲು.
ಐದೇ ತಿಂಗಳಿಗೆ ದೊಡ್ಡವಳು ಅಕ್ಕ ಕಮಾರೊ.
ಎಲುಬು ಒಂದೇ, ಮೂಗು ಬೇರೆ;
ಒಂದೇ ಸಾಲಿನಲ್ಲಿ ಬರುತ್ತಿದ್ದರು ಇಬ್ಬರೂ
ಶಾಲೆಗೆ ಹೊರಟವರ ಹಾಗೆ,
ತಲೆ ಬಾಚದೆ, ಅರ್ಧ ಬಟ್ಟೆಯಲ್ಲಿ.

ಎಪ್ಪತ್ತೆರಡರಲ್ಲಿ ಮುಷ್ಕರ.
ನೂರೆಪ್ಪತ್ತನಾಲ್ಕು ದಿನ ಗೇಟಿನಾಚೆ ಕೂತೆವು.
ಸೂಪಿನಲ್ಲಿ ಬೀನ್ಸ್ ಎಣಿಸಬಹುದಿತ್ತು.
ಒಳಗೆ ಹೋದಾಗ ಸಾಲಿನ ಮೇಲೆ ಹಾಗೇ ನಿಂತಿದ್ದವು
ಬಾಗಿಲಿದ್ದೂ ಗಾಜಿಲ್ಲದವು, ಗಾಜಿದ್ದೂ ಸೀಟಿಲ್ಲದವು.
ಅಷ್ಟರಲ್ಲಿ ಬಂಪರಿನ ಕಾನೂನು ಬದಲಾಗಿತ್ತು.
ಸಾವಿರಕ್ಕೂ ಮೇಲೆ, ರಸ್ತೆಯ ಧೂಳನ್ನೇ ಕಾಣದೆ
ಗುಜರಿಗೆ.
ಗೆದ್ದಿರಾ ಅಂತ ಕೇಳಬೇಡ.
ನನ್ನ ಗಂಡ ರಾಯ್ಸ್ ಸಾಯುವವರೆಗೂ
ಅದನ್ನೇ ಕೇಳಿಕೊಂಡು ಕುಡಿದ.

ಮರುವರ್ಷ ಬಂತು ಹಕ್ಕಿ.
ಮೊದಲು ಮೂತಿಯ ಮೇಲೆ ಅಂಗೈಯಗಲ ಇದ್ದದ್ದು
ಈಗ ಬಾನೆಟ್ಟು ಪೂರ್ತಿ ರೆಕ್ಕೆ ಹರಡಿತು.
ಕೂಗುವ ಕೋಳಿ ಅಂದರು ಊರವರು. ಅನ್ನಲಿ.
ಪೆಟ್ರೋಲಿಗೆ ಜನ ಬೀದಿಯುದ್ದ ನಿಂತ ಕಾಲ ಅದು.
ಒಳಗೆ ಕುದುರೆಗಳು ಕಡಿಮೆಯಾದಷ್ಟೂ
ಹೊರಗೆ ಹಕ್ಕಿ ದೊಡ್ಡದಾಯಿತು,
ಸಂಬಳ ಇಳಿದ ವರ್ಷವೇ ಮೀಸೆ ಬಿಟ್ಟ ಗಂಡಸಿನ ಹಾಗೆ.
ಕಪ್ಪು ಮೈ, ಹೊನ್ನಿನ ಹಕ್ಕಿ. ಅದೇ ಬೇಕು ಎಲ್ಲರಿಗೂ.

ನೀನು ಕೇಳಿದ್ದು ಹೇಗೆ ಅಂಟಿಸುತ್ತಿದ್ದಿರಿ ಅಂತ ಅಲ್ಲವಾ?
ಸಾಬೂನು ನೀರು ಚಿಮುಕಿಸು. ಹಾಳೆಯ ಬೆನ್ನು ಸುಲಿ.
ಮೊದಲು ಕೊಕ್ಕು. ಆಮೇಲೆ ಎದೆ. ಅವಸರ ಬೇಡ,
ಅವಸರ ಪಡಿಸಲು ಹಿಂದೆ ಫೋರ್‌ಮನ್ ಇದ್ದೇ ಇದ್ದಾನೆ.
ರಬ್ಬರ್ ಪಟ್ಟಿ ಹಿಡಿದು ನಡುವಿನಿಂದ ಅಂಚಿಗೆ
ನೀರನ್ನು ಓಡಿಸು.
ಒಂದು ಗುಳ್ಳೆ ಉಳಿದೇ ಉಳಿಯುತ್ತದೆ.
ಅದಕ್ಕೆ ನನ್ನ ಕಾಲರಿನಲ್ಲಿ ಗುಂಡುಸೂಜಿ ಇರುತ್ತಿತ್ತು.
ಗುಳ್ಳೆ ಇಲ್ಲದಿದ್ದರೂ ಚುಚ್ಚುತ್ತಿದ್ದೆ ಒಂದು ಸಲ,
ಎಡರೆಕ್ಕೆಯ ಮೂರನೇ ಗರಿಯ ಕೆಳಗೆ.
ಯಾಕೋ. ಸಹಿ ಹಾಕಲು ಬೇರೆ ಜಾಗ ಇರಲಿಲ್ಲ.

ಎಂಬತ್ತೇಳರ ಆಗಸ್ಟಿನಲ್ಲಿ ನಮ್ಮ ಸಾಲು ನಿಂತಿತು.
ಕಾರು ಕ್ಯಾಲಿಫೋರ್ನಿಯಾಕ್ಕೆ ಹೋಯಿತು, ಆಮೇಲೆ ಕೆನಡಾಕ್ಕೆ,
ಎರಡು ಸಾವಿರದ ಎರಡರಲ್ಲಿ ಎಲ್ಲಿಗೂ ಹೋಗಲಿಲ್ಲ.
ಆಮೇಲೆ ಪಾಂಟಿಯಾಕ್ ಅನ್ನುವ ಹೆಸರೂ ಹೋಯಿತು.
ನನ್ನ ಗುಂಡುಸೂಜಿ ಅಡುಗೆಮನೆ ಗೋಡೆಯಲ್ಲಿ
ಈಗ ಕ್ಯಾಲೆಂಡರ್ ಹಿಡಿದಿದೆ.

ಸರಿ, ಕೈ ಕೊಡು, ಬಗ್ಗುತ್ತೇನೆ.
ಮೂರನೇ ಗರಿ...
ಇಲ್ಲ.
ಇದು ನನ್ನದಲ್ಲ ಮಗಾ.
ರಾತ್ರಿ ಪಾಳಿಯ ಡೆನ್ಸಿಲ್‌ದು. ಅವನು ಎಡಚ,
ನೋಡು, ಬಲರೆಕ್ಕೆ ಕೂದಲೆಳೆಯಷ್ಟು ತಗ್ಗು.
ಹಗಲು ನಾನು, ರಾತ್ರಿ ಅವನು, ಅದೇ ಮೇಜು, ಅದೇ ಬಕೆಟ್ಟು,
ಗೇಟಿನಲ್ಲಿ ಎದುರಾದರೆ ಬರೀ ತಲೆಯಾಡಿಸುವುದು.
ಬೆಳಿಗ್ಗೆ ಬಂದಾಗ ನೀರು ಇನ್ನೂ ಬೆಚ್ಚಗಿರುತ್ತಿತ್ತು.
ಒಂದೂ ಗುಳ್ಳೆ ಬಿಟ್ಟಿಲ್ಲ ಪುಣ್ಯಾತ್ಮ.
ಮುಖವೇ ನೆನಪಾಗುತ್ತಿಲ್ಲ.

ಸಪ್ಪಗಾಗಬೇಡ. ಹತ್ತು, ಕೀಲಿ ತಿರುಗಿಸು.
ಇದರ ಸದ್ದು ಹೇಗೆ ಅಂತ ನನಗೆ ಗೊತ್ತಿಲ್ಲ.
ನಮ್ಮ ಕೈಗೆ ಬರುವಾಗ
ಅವಕ್ಕಿನ್ನೂ ಬಾಯಿ ಬಂದಿರಲಿಲ್ಲ.