ಎಡಗೈ, ಬಲಗೈ

ಮಿಯಾವೊಲಿಯ ರೈಲುಗೇಟಿನ ಪಕ್ಕ
ಮೂರು ಕುರ್ಚಿಯ ಕ್ಷೌರದಂಗಡಿ ನನ್ನದು.
ಹನ್ನೊಂದು ವರ್ಷದಿಂದ ಒಂದು ಕುರ್ಚಿ ಸಾಕಾಗಿದೆ.
ಗಿರಾಕಿ ಕನ್ನಡಿಯಲ್ಲಿ ತನ್ನ ಮುಖ ನೋಡುವುದಿಲ್ಲ,
ನನ್ನ ಬೆರಳ ಗೆಣ್ಣು ನೋಡುತ್ತಾನೆ.
ಹೊದಿಸಿದ ಬಟ್ಟೆಯ ಮೇಲೆ ಅವನ ಕೂದಲು,
ನಡುನಡುವೆ ನನ್ನ ಚರ್ಮದ ಬಿಳಿ ಹೊಟ್ಟು.
ಅಂಟುರೋಗವಲ್ಲ ಎಂದು ಬೋರ್ಡು ಬರೆಸಿದೆ;
ಓದಿದವರೇ ಮೊದಲು ಎದ್ದು ಹೋದರು.

ತೈಚುಂಗಿನ ಆಸ್ಪತ್ರೆಯಲ್ಲಿ ಡಾಕ್ಟರ್ ತೂ ಪೈ-ಜುನ್
ಎರಡು ಡಬ್ಬಿ ಕೊಟ್ಟರು.
ಬಲಗೈಗೆ ನೀಲಿ, ಎಡಗೈಗೆ ಬರೀ ಮುಲಾಮು,
ಹನ್ನೆರಡು ವಾರ. ಅದಲುಬದಲು ಕೂಡದು.
"ವಾಸಿಯಾಗುತ್ತದೆಯೇ?"
"ಆಗಬಹುದು" ಎಂದರು; ಆ 'ಬಹುದು' ಮಾತ್ರ
ಚಿನ್ನದ ತಕ್ಕಡಿಯಲ್ಲಿ ತೂಗಿದಂತಿತ್ತು.

ಮುಚ್ಚಳ ತೆರೆದೆ. ಕೆಸರು, ಸುಣ್ಣ, ಕೊಳೆತ ಸೊಪ್ಪು.
ಮೂಗಿಗೆ ಮೊದಲು ಗೊತ್ತಾಯಿತು, ನನಗೆ ಆಮೇಲೆ:
ಅಜ್ಜಿ.
ಬೆಟ್ಟದ ಬುಡದ ನಮ್ಮ ಹಕ್ಕಾ ಕೇರಿಯಲ್ಲಿ
ಸೊಪ್ಪು ನೆನೆಹಾಕಿ, ಮೂರನೆಯ ದಿನ ಸುಣ್ಣ ಬೆರೆಸಿ
ತೋಳು ಸೋಲುವವರೆಗೆ ತೊಟ್ಟಿ ಬಡಿಯುತ್ತಿದ್ದಳು.
ಹಸಿರು ನೀರು ನೋಡನೋಡುತ್ತ ಬಣ್ಣ ತಿರುಗಿ
ನೇರಳೆ ನೊರೆ ಏಳುತ್ತಿತ್ತು. ಸೌಟಿನಲ್ಲಿ ಎತ್ತಿ,
ಒಣಗಿಸಿ, ಪುಡಿಮಾಡಿ, ಕಾಗದದಲ್ಲಿ ಮಡಿಸಿ
ಬಾಯಿಹುಣ್ಣಿನ ಮಕ್ಕಳಿಗೆ ಕೊಡುತ್ತಿದ್ದಳು.
ಶಾಲೆಯ ಫೋಟೋ ದಿನ ಅವಳು ಬಂದಾಗ
ಆ ಉಗುರು ಕಂಡು ನಾನು
ಬೇರೆಯವರ ಅಜ್ಜಿಯ ಪಕ್ಕ ಹೋಗಿ ನಿಂತೆ.

ಡಾಕ್ಟರು ಗೋಡೆಯ ಚಿತ್ರ ತೋರಿಸಿದ್ದರು:
ನೀಲಿಯೊಳಗೆ ಅಡಗಿದ ಕೆಂಪು ಕಣ, ಇಂಡಿರುಬಿನ್.
ಚರ್ಮಕ್ಕೆ ಹುಚ್ಚು ಹಿಡಿದು
ತಿಂಗಳ ಕೆಲಸ ನಾಲ್ಕು ದಿನಕ್ಕೆ ಮುಗಿಸುವಾಗ
"ಮೆಲ್ಲಗೆ" ಅನ್ನುತ್ತದಂತೆ, ಅದರ ಕಿವಿಯಲ್ಲಿ.

ಆರನೆಯ ವಾರ. ದಿಂಬು ನೀಲಿ, ಸೋಪು ನೀಲಿ,
ಬಾಗಿಲ ಚಿಲಕದ ಮೇಲೆ ನನ್ನ ಐದು ಬೆರಳು.
ಹೆಂಡತಿ ಕ್ವೈ-ಯಿನ್ ಹಾಸಿಗೆ ಒಗೆಯುವುದನ್ನೇ ಬಿಟ್ಟಳು.
ರಾತ್ರಿ ಎಡಗೈ ತುರಿಸುತ್ತದೆ,
ಬಲಗೈ ಎದ್ದು ಕೆರೆದುಕೊಡುತ್ತದೆ,
ಅನ್ನ ಉಂಡ ಅಣ್ಣ ಹಸಿದ ತಮ್ಮನ ಬೆನ್ನು ಸವರುವಂತೆ.
ಒಂದಿರುಳು ತಡೆಯಲಾರದೆ ಬೆರಳಷ್ಟು ನೀಲಿ
ಆಚೆಗೂ ಹಚ್ಚಿದೆ.
ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಕಲೆಯೇ ಹೇಳಿತು.

ಈಗ ಬಲಗೆಣ್ಣಿನ ಮೇಲೆ ಹೊಸ ಚರ್ಮ,
ಬೇಯಿಸಿ ಸುಲಿದ ಗೆಣಸಿನಷ್ಟು ನಯ.
ಮೊಣಕೈ ಇನ್ನೂ ಹಟ ಬಿಟ್ಟಿಲ್ಲ.
ಮುದುಕ ವೊಂಗ್ ಇವತ್ತು ಮುಖದ ನೊರೆಯೊಳಗಿಂದ
"ಉಗುರಿಗೇನಾಯ್ತೋ ನಿಂಗೆ?" ಎಂದ.
ಕತ್ತಿ ಮಸೆಯುತ್ತ
"ಅಜ್ಜಿಯದು" ಎಂದೆ.