ಎರಡು ಹತ್ತಕ್ಕೆ

ಕಸ್ಟಮರ್ ಕೇರ್‌ನವರಿಗೆ ಕಿವಿ ಮಾತ್ರ ಇದೆ.
ದೂರಿಗೆ ಒಂದನ್ನು ಒತ್ತಿ ಅನ್ನುತ್ತದಂತೆ ಆ ದನಿ,
ಪಕ್ಕದ ಮನೆ ಹುಡುಗ ಕೇಳಿಸಿಕೊಂಡು ಬರೆದು ತೋರಿಸಿದ.
ಒಂದನ್ನು ಒತ್ತಿದೆ. ಸಿಟ್ಟಿಗೆ ಒಂಬತ್ತನ್ನೂ ಒತ್ತಿದೆ.
ಆಮೇಲೆ ಹಾಡಂತೆ. ಹತ್ತು ನಿಮಿಷ
ನನ್ನ ಅಂಗೈಯೊಳಗೆ ಅದು ದುಂಬಿಯಂತೆ ನಡುಗಿತು.
ಹುಡುಗನಿಗೆ ಟ್ಯೂಷನ್ ಇತ್ತು, ಹೋದ.

ಶಹಾಬಜಾರಿನ ಈ ಓಣಿಯಲ್ಲಿ ನೆಟ್ ಹೋದರೆ
ಒಬ್ಬರಿಗೆ ಸಿನಿಮಾ ಹೋಗುತ್ತದೆ, ಒಬ್ಬರಿಗೆ ಕ್ರಿಕೆಟ್ಟು.
ನನಗೆ ತಸ್ಲೀಮಾ ಹೋಗುತ್ತಾಳೆ.
ಕಿವುಡ ಮಕ್ಕಳ ಹಾಸ್ಟೆಲಿನಲ್ಲಿ, ದೀಪ ಆರಿದ ಮೇಲೂ,
ಒಬ್ಬರ ಅಂಗೈಯಲ್ಲಿ ಒಬ್ಬರು ಹರಟಿದವರು ನಾವು.
ಈಗವಳು ಚಿಟಗುಪ್ಪದಲ್ಲಿ. ಅವಳಿಗೆ ಬಿಡುವು ಎರಡರಿಂದ ಮೂರು.
ಬರೆದು ಕೇಳೋಣವೆಂದರೆ ಅವಳ ಅಕ್ಷರ ಉರ್ದು,
ನನ್ನದು ಕನ್ನಡ, ನಮ್ಮ ಮಾತು ಎರಡೂ ಅಲ್ಲ.

ಬುಧವಾರ ಏನೋ ಹೇಳತೊಡಗಿದಳು.
ಎಡಗೈ ಎದೆಯ ಹತ್ತಿರ, ಬಲಗೈ ಮೇಲೇಳುತ್ತ
ಅಷ್ಟಕ್ಕೇ ನಿಂತಿತು.
ಕಣ್ಣು ಅರ್ಧ, ಬಾಯಿ ಓರೆ,
ಬೆರಳಿದ್ದಲ್ಲಿ ಬೂದಿಬಣ್ಣದ ಚೌಕಗಳು.
ಆ ಕೈ ಕೆಳಗಿಳಿದರೆ ಮುಗಿಯಿತು ಅಂತ,
ಹೊರಳಿದರೆ ಬರುತ್ತೇನೆ ಅಂತ.
ರಾತ್ರಿಯ ತನಕ ಎರಡನ್ನೂ ನಂಬಿ ಕಾಜಾ ಹೊಲಿದೆ.

ಅಳತೆ ಪುಸ್ತಕದ ಒಂದು ಬದಿ
ಎದೆ ಮೂವತ್ನಾಲ್ಕು, ತೋಳು ಹತ್ತೂವರೆ.
ಇನ್ನೊಂದು ಬದಿ
ಸೋಮ ೨.೧೦ ಕೆಂಪು, ಸಂಜೆ ಆರಕ್ಕೆ ಹಸಿರು.
ಮಂಗಳ ಮೋಡ. ಕೆಂಪಿಲ್ಲ.
ಬುಧ ೨.೧೦.
ಗುರು ೨.೦೫. ಆರು ದಾಟಿದರೂ ಕೆಂಪು, ಅವ್ವ ಸಂತೆಗೆ ಹೋಗಿದ್ದಳು
(ಇದನ್ನೇಕೆ ಬರೆದೆನೋ, ಬರೆದಿದ್ದೆ).

ಶುಕ್ರವಾರ ಲೈನ್‌ಮನ್ ಬಂದ. ಯಾದಗಿರಿ ಕಡೆಯವನು.
ಹೆಸರು ಮೌನೇಶ, ತುಟಿ ಒಂದು ಗಳಿಗೆ ನಿಲ್ಲಲಿಲ್ಲ.
ಕೇಳಿಸದು ಎಂದು ಕಿವಿ ಮುಟ್ಟಿ ತೋರಿಸಿದೆ,
ಇನ್ನೂ ದೊಡ್ಡದಾಗಿ ಬಾಯಿ ತೆರೆದ.
ಕೊನೆಗೆ ಬಟ್ಟೆಗೆ ಗುರುತು ಹಾಕುವ ಖಡು ತಗೊಂಡು
ಕತ್ತರಿ ಹಲಗೆಯ ಮೇಲೆ ಬರೆದ:
'ಮಂಗ್ಯಾ ಕಡದದ್ರಿ. ವಾಯರ್ ಬದ್ಲಿ. ಎಂಟನೂರು.'
ಕಂಬ ಹತ್ತಿದ, ಇಳಿದ. ಮಂಗ ಕಡಿದಿರಲಿಲ್ಲ.
'ಬಿಸಲಿಗಿ ಡಬ್ಬಿ ಕಾದದ' ಎಂದು ಬರೆದ.
ಒದ್ದೆ ಬಟ್ಟೆ ಹೊದಿಸಲೇ ಎಂದು ಬರೆದೆ.
ನಕ್ಕ. ಆಫ್ ಮಾಡಿ ಆನ್ ಮಾಡಿದ. ಅದು ನನಗೂ ಬರುತ್ತದೆ.

ಪುಸ್ತಕ ತಿರುವಿ ಅವನ ಮುಂದಿಟ್ಟೆ.
ಎರಡು ಹತ್ತಕ್ಕೆ ಈ ಮನೆಯಲ್ಲಿ ಏನಾಗುತ್ತದೆ?
ಇಬ್ಬರೂ ವಾಯರಿನ ಬೆನ್ನು ಹಿಡಿದು ಹಿಂದಿನ ಕೋಣೆಗೆ ಹೋದೆವು.
ಪಡುವಣ ಬಿಸಿಲು ಆಗಷ್ಟೇ ಹಾಸುಗಲ್ಲಿಗೆ ಇಳಿದಿತ್ತು.
ಅವ್ವ ತುದಿಗಾಲಲ್ಲಿ ನಿಂತು ಕಿಟಕಿ ಎಳೆದುಕೊಂಡಳು.
ಗೋಡೆ ನನ್ನ ಬೆನ್ನಿಗೆ ಸಣ್ಣಗೆ ತಟ್ಟಿತು.
ಓಡಿ ಬಂದು ನೋಡಿದೆ: ಕೆಂಪು.

'ದಿನಾ ಹಾಕ್ತೀನಿ, ಧಡ್ ಅಂತದ, ನಿನಗ ಕೇಳಿ...'
ಅವ್ವನ ತುಟಿ ಅಲ್ಲಿಗೇ ನಿಂತಿತು.

ಕದದಡಿ ಕರಿಯ ವಾಯರು ಮೊಣಕೈಯಂತೆ ಮಡಚಿತ್ತು.
ಮೌನೇಶ ಬಾಯಿ ಮುಚ್ಚಿದ, ಮೊದಲ ಸಲ.
ಆಮೇಲೆ ನಿಧಾನ, ಗುಂಡಗೆ ಬರೆದ:
'ಇದರಾಗ ಕರೆಂಟ್ ಇಲ್ರಿ. ಕೂದಲಂಥಾ ಗಾಜು.
ಒಳಗ ಬರೇ ಬೆಳಕು ಓಡತದ.
ಭಾಳ ಮಡಚಿದ್ರ ಹೊರಗ ಚೆಲ್ಲತದ.'

ಗೋಡೆಗೆ ತೂತು ಕೊರೆದ. ಎಂಟುನೂರು ಕೇಳಲಿಲ್ಲ,
ಹೆಂಡತಿಯ ಬ್ಲೌಸಿಗೆ ಎಷ್ಟು ತಗೋತೀರಿ ಎಂದು ಕೇಳಿದ.
ಹಲಗೆ ಒರೆಸುವುದು ಮರೆತೆ. ಮರುದಿನ
ಯಾರದೋ ಹಸಿರು ಖಣಕ್ಕೆ
'ಚೆಲ್ಲತದ' ತಿರುಗುಮುರುಗಾಗಿ ಅಂಟಿಕೊಂಡಿತ್ತು.

ಶನಿವಾರ ಅವ್ವ ಹುರುಪಿನಲ್ಲಿ
ಮನೆಯ ಕಿಟಕಿಯನ್ನೆಲ್ಲ ಹಾಕಿದಳು, ನನ್ನದೂ.
ಡಬ್ಬಿಯಲ್ಲಿ ಹಸಿರು. ತಸ್ಲೀಮಾ ಬಂದಳು,
ಕಣ್ಣು ಕಿರಿದು ಮಾಡಿದಳು: ಕತ್ತಲೆ. ಎಲ್ಲಿ ನಿನ್ನ ಕೈ?

ಎದ್ದು ಕದ ತೆಗೆದೆ. ಉರಿ ಮುಖಕ್ಕೆ ರಾಚಿತು.
ಆ ಪಟ್ಟಿ ಬಿಸಿಲಿನೊಳಗೆ ಕುರ್ಚಿ ಎಳೆದು ಕೂತು
ಮೊದಲು ಕೇಳಿದ್ದೇ ಅದು:
ಬುಧವಾರದ ಕೈ ಏನಾಗಿತ್ತು?

ತುಸು ಯೋಚಿಸಿದಳು.
ನೆನಪಿಲ್ಲ ಅಂದಳು. ನೊಣ ಇದ್ದಿರಬೇಕು.